ಸಣ್ಣ ಕಥೆಯಲ್ಲಿ ಆಕಸ್ಮಿಕ ಶೋಕ

ಹುಬ್ಬಳ್ಳಿಯಿಂದ ದಾವಣಗೆರೆಗೆ ಬರುವ ರೈಲುದಾರಿಯಲ್ಲಿ, ರಾಣೇಬೆನ್ನೂರಿಗೆ ಸಮೀಪವಾಗಿ, ದೇವರಗುಡ್ಡವೆಂಬ ಊರಿದೆ. ಹಿಂದೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದು, 1997ರಿಂದ ಹಾವೇರಿ ಜಿಲ್ಲೆಗೆ ಒಳಪಟ್ಟಿರುವ ಈ ಊರಿನ ಗುಡ್ಡದ ಮೇಲೆ ಮಾಲತೇಶನೆಂದೂ ಮೈಲಾರನೆಂದೂ ಭಕ್ತರು ಕರೆಯುವ ದೇವರ ಗುಡಿಯುಂಟು. ನವರಾತ್ರಿಯ ಕಡೆಯಲ್ಲಿ ಅಲ್ಲಿ ಕಾರಣಿಕವಾಗುವುದು. ಉಪವಾಸವಿದ್ದು ವ್ರತಸ್ಥನಾದ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ ನಿಲ್ಲುವನು. ‘ಸದ್ದಲೇ’ ಎಂಬ ಒಂದು ಕೂಗು ಕೇಳುವುದು. ಆವರೆಗೆ ಕಡಲಿನಂತೆ ಮೊರೆಯುತ್ತಿದ್ದ ಜನಸಮೂಹವು ಒಮ್ಮೆಗೇ ಸ್ತಬ್ಧವಾಗುವುದು. ಆ ಮೌನದಲ್ಲಿ ಗೊರವಯ್ಯನು ಒಂದೇ ಒಂದು ಮಾತನ್ನಾಡಿ, ಬಿಲ್ಲಿನ ಮೇಲಿಂದ ಕೆಳಕ್ಕೆ ಬೀಳುವನು. ಕೆಳಗೆ ನಿಂತವರು ಅವನನ್ನು ಕೈಗಳಲ್ಲಿ ಹಿಡಿದುಕೊಳ್ಳುವರು. ಆಗ ಜನರ ಮುಖವನ್ನು ನೋಡಬೇಕು. ನುಡಿ ಕಿವಿಗೆ ಬಿದ್ದಿದೆ. ಅದರ ಅರ್ಥ ಇನ್ನೂ ಮನಸ್ಸಿಗೆ ಇಳಿದಿಲ್ಲ. ಪಕ್ಕದವರನ್ನು ‘ಏನಂದ?’ ಎಂದು ಕೇಳುವವರೇ ಎಲ್ಲರೂ. ಅದು ಮಳೆಬೆಳೆಯ ಮಾತೋ, ರಾಜ್ಯಭಾರದ ಮಾತೋ ಎಂಬ ತರ್ಕವೆಲ್ಲ ಆಮೇಲೆ ಹುಟ್ಟುವುದು.

ನುಡಿಯನ್ನು ಕೇಳಿದುದಕ್ಕೂ ಅರ್ಥವನ್ನು ಗ್ರಹಿಸಿದುದಕ್ಕೂ ನಡುವೆ ಇರುವ ಈ ಗಳಿಗೆಯೇ ಈ ದಿನ ನಾವು ವಿಚಾರ ಮಾಡಬೇಕೆಂದಿರುವ ವಿಷಯ. ಪ್ರೀತಿಪಾತ್ರರ ಮರಣದ ಸುದ್ದಿ ಮುನ್ಸೂಚನೆಯಿಲ್ಲದೆ ಬಂದಾಗ ಮನುಷ್ಯನ ಮನಸ್ಸಿಗೆ ಇಂಥ ಗಳಿಗೆಯೊಂದು ಒದಗುತ್ತದೆ. ಅದು ಕ್ಷಣವಿರಬಹುದು, ಹಲವು ದಿನಗಳೂ ಇರಬಹುದು. ಲೋಕರೂಢಿಯಲ್ಲಿ ಶೋಕವೆಂದರೆ ಕಣ್ಣೀರು, ಪ್ರಲಾಪ, ಎದೆ ಬಡಿದುಕೊಳ್ಳುವುದು. ಆದರೆ ಶೋಕದ ಮೊದಲ ಗುರುತು ಕಣ್ಣೀರಲ್ಲ. ಮನಸ್ಸು ನಿಂತುಹೋಗುವುದು, ಅಥವಾ ಯಾವುದೋ ಚಿಕ್ಕ ಕೆಲಸವನ್ನು, ಚಿಕ್ಕ ನಿಯಮವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು. ನಮ್ಮ ಸಾಹಿತ್ಯದ ಸಣ್ಣ ಕಥನಗಳಲ್ಲಿ ಈ ಗಳಿಗೆಗೆ ಎಷ್ಟು ಸ್ಥಳ ದೊರೆತಿತು, ಅದನ್ನು ಯಾರು ಕಂಡರು, ಯಾರು ಕಾಣದೆ ಮುಂದೆ ಹೋದರು ಎಂಬುದರ ಚರಿತ್ರೆಯನ್ನು ಸಂಗ್ರಹವಾಗಿ ಹೇಳುವುದು ನಮ್ಮ ಉದ್ದೇಶ.

ಇದು ನಮಗೆ ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಅಣ್ಣನವರು ತೀರಿಕೊಂಡ ಸುದ್ದಿ ಬಂದಾಗ ನಾವು ವಿದ್ಯಾರ್ಥಿಗಳ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದೆವು. ಸುದ್ದಿಯನ್ನು ಕೇಳಿದೆವು. ‘ಆಗಲಿ’ ಎಂದೆವು. ಅನಂತರ ಕೈಯಲ್ಲಿದ್ದ ಪತ್ರಿಕೆಯನ್ನು ಕೊನೆಯವರೆಗೆ ತಿದ್ದಿ, ಅಂಕಗಳನ್ನು ಕೂಡಿಸಿ, ಕೂಡಿಸಿದುದು ಸರಿಯಾಗಿದೆಯೇ ಎಂದು ಮತ್ತೊಮ್ಮೆ ನೋಡಿ, ಲೇಖನಿಯ ಮುಚ್ಚಳವನ್ನು ಹಾಕಿಟ್ಟೆವು. ಬಹುಕಾಲದವರೆಗೆ ಇದನ್ನು ನೆನೆದಾಗಲೆಲ್ಲ ನಮಗೆ ನಾಚಿಕೆಯಾಗುತ್ತಿತ್ತು. ನಮ್ಮಲ್ಲಿ ಪ್ರೀತಿಯೇ ಇರಲಿಲ್ಲವೋ ಎಂಬ ಶಂಕೆ ಕಾಡುತ್ತಿತ್ತು. ಆ ಶಂಕೆಯನ್ನು ಬಿಡಿಸಿದುದು ಯಾರ ಸಮಾಧಾನದ ಮಾತೂ ಅಲ್ಲ, ಕಥೆಗಳು.

ಮೊದಲು ಪ್ರಾಚೀನರ ವಿಚಾರ. ಆದಿಕವಿಯ ಕಥೆ ಎಲ್ಲರಿಗೂ ತಿಳಿದುದೇ. ಬೇಡನ ಬಾಣದಿಂದ ಕ್ರೌಂಚಪಕ್ಷಿಗಳ ಜೋಡಿಯಲ್ಲಿ ಒಂದು ನೆಲಕ್ಕುರುಳುತ್ತದೆ. ವಾಲ್ಮೀಕಿಯ ಬಾಯಿಂದ ಛಂದೋಬದ್ಧವಾದ ಶಾಪವಾಕ್ಯ ಹೊರಡುತ್ತದೆ. ಶೋಕವೇ ಶ್ಲೋಕವಾಯಿತೆಂದು ನಾವು ಹೊಗಳಿ ಮುಂದೆ ಹೋಗುತ್ತೇವೆ. ಆದರೆ ಅದರ ಮರುಕ್ಷಣದಲ್ಲಿ ಮುನಿಯು, ತಾನು ಆಡಿದುದೇನೆಂದು ತನ್ನನ್ನೇ ಕೇಳಿಕೊಳ್ಳುವನು. ಮಾತು ಮೊದಲು ಹೊರಟಿತು, ಅರಿವು ಹಿಂದಿನಿಂದ ಬಂದಿತು. ಈ ಚಿಕ್ಕ ಸಂಗತಿಯನ್ನು ಬರೆದಿಟ್ಟವನು ಮನಸ್ಸನ್ನು ಬಲ್ಲವನು.

ನಾಟ್ಯಶಾಸ್ತ್ರಕಾರನಾದ ಭರತನೂ ಬಲ್ಲವನೇ. ಕರುಣರಸಕ್ಕೆ ಶೋಕವು ಸ್ಥಾಯಿಭಾವವೆಂದು ಹೇಳಿ ಅವನು ನಿಲ್ಲಲಿಲ್ಲ. ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ‘ಜಡತೆ’ಯೆಂಬುದನ್ನು ಎಣಿಸಿ, ಇಷ್ಟವಾದುದನ್ನಾಗಲಿ ಅನಿಷ್ಟವಾದುದನ್ನಾಗಲಿ ಕೇಳಿದುದರಿಂದ, ಕಂಡುದರಿಂದ ಅದು ಹುಟ್ಟುವುದೆಂದನು. ಏನು ಮಾಡಬೇಕೆಂಬುದು ತೋಚದಿರುವುದು, ಮಾತಾಡದಿರುವುದು, ರೆಪ್ಪೆ ಹೊಡೆಯದೆ ನೋಡುವುದು ಅದರ ಅಭಿನಯ. ಅಳುವುದು ಬೇರೆ, ಹೀಗೆ ನಿಂತುಬಿಡುವುದು ಬೇರೆ ಎಂಬ ಭೇದವನ್ನು ನಮ್ಮವರು ಆಗಲೇ ಮಾಡಿದ್ದರು. ಆದರೆ ಶಾಸ್ತ್ರವು ಬಲ್ಲುದನ್ನೆಲ್ಲ ಕಥನವು ಬಳಸಿಕೊಂಡಿತೆಂದು ಹೇಳುವಂತಿಲ್ಲ.

ಕನ್ನಡದ ಅತಿ ಸಣ್ಣ ಕಥೆಗಳು ಕಲ್ಲಿನ ಮೇಲಿವೆ. ಹಾವೇರಿಯ ಸೀಮೆಯಲ್ಲಿ ಸಂಚರಿಸಿದವರು ಊರ ಮುಂದೆ, ಕೆರೆಯ ದಂಡೆಯಲ್ಲಿ, ಗುಡಿಯ ಅಂಗಳದಲ್ಲಿ ವೀರಗಲ್ಲುಗಳನ್ನೂ ಮಾಸ್ತಿಕಲ್ಲುಗಳನ್ನೂ ಕಂಡಿರುತ್ತಾರೆ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಮರಣಕ್ಕೂ ಸ್ವರ್ಗಕ್ಕೂ ನಡುವೆ, ಮನೆಯಲ್ಲಿ ಉಳಿದವರಿಗೆ ಒಂದು ಅಂಗುಲದ ಜಾಗವೂ ಇಲ್ಲ.

ಮೈಸೂರು ಸೀಮೆಯ ಹೆಗ್ಗಡದೇವನಕೋಟೆಯ ಕಡೆ ಬೆಳತೂರೆಂಬಲ್ಲಿ ದೊರೆತ 1057ರ ಶಾಸನವು ಈ ಮಾತಿಗೆ ಸ್ವಲ್ಪ ಅಪವಾದ. ನುಗುನಾಡಿನ ರವಿಗನ ಮಗಳು ದೇಕಬ್ಬೆ; ನವಿಲೆನಾಡಿನ ಏಚನು ಅವಳ ಗಂಡ. ಏಚನು ಮಲ್ಲಯುದ್ಧದಲ್ಲಿ ಅರಸನ ಸಂಬಂಧಿಯೊಬ್ಬನನ್ನು ಕೊಂದನು. ಚೋಳನ ಆಜ್ಞೆಯಿಂದ ಅವನನ್ನು ತಲಕಾಡಿಗೆ ಒಯ್ದು ವಧಿಸಿದರು. ಸುದ್ದಿಯು ದೇಕಬ್ಬೆಯ ಕಿವಿಗೆ ಬಿದ್ದಿತು. ತಾಯಿ ತಂದೆಗಳು ಬೇಡವೆಂದು ಬೇಡಿಕೊಂಡರೂ ಕೇಳದೆ, ದಾನಗಳನ್ನು ಕೊಟ್ಟು, ಅವಳು ಬೆಂಕಿಯನ್ನು ಹೊಕ್ಕಳು. ಹಳಗನ್ನಡ ಪದ್ಯಗಳಲ್ಲಿರುವ ಈ ಶಾಸನವು ನಮ್ಮ ಸಾಹಿತ್ಯದಲ್ಲಿ ಹೆಸರುವಾಸಿಯಾದುದು. ಅದರ ಕವಿತಾಗುಣವನ್ನು ಅಲ್ಲಗಳೆಯಲಾರೆವು. ಅಲ್ಲಿ ತಾಯಿ ತಂದೆಗಳ ಸಂಕಟವುಂಟು, ಅವಳ ದೃಢತೆಯುಂಟು. ಆದರೆ ಕೇಳಿದಳೆಂಬುದಕ್ಕೂ ನಿಶ್ಚಯಿಸಿದಳೆಂಬುದಕ್ಕೂ ನಡುವಣ ಆ ಗಳಿಗೆಯಿಲ್ಲ. ಶಾಸನಕವಿಗೆ ಬೇಕಾದುದು ಅವಳ ಕೀರ್ತಿ. ಮನಸ್ಸು ಸ್ತಂಭಿಸಿದ್ದಾಗ ಹುಟ್ಟಿದ ನಿಶ್ಚಯವನ್ನು ಲೋಕವು ಧರ್ಮವೆಂದು ಕೊಂಡಾಡಿತು. ಬೇಡವೆಂದ ತಾಯಿ ತಂದೆಗಳ ಮಾತಿಗೆ ನಾಲ್ಕು ದಿನದ ಅವಕಾಶ ಸಿಕ್ಕಿದ್ದರೆ ಏನಾಗುತ್ತಿತ್ತೆಂದು ನಾವು ಕೇಳಿಕೊಳ್ಳದೆ ಇರಲಾರೆವು. 1829ರಲ್ಲಿ ಬೆಂಟಿಂಕನು ಬಂಗಾಳ ಪ್ರಾಂತದಲ್ಲಿ ಸಹಗಮನವನ್ನು ನಿಷೇಧಿಸಿದಾಗ ಕಾನೂನು ಮಾಡಿದುದು ಒಂದು ರೀತಿಯಲ್ಲಿ ಇದನ್ನೇ: ಆ ಗಳಿಗೆಯನ್ನು ದಾಟಲು ಹೆಂಗಸಿಗೆ ಕಾಲಾವಕಾಶವನ್ನು ಕೊಟ್ಟಿತು.

ಇನ್ನು ರನ್ನನ ಗದಾಯುದ್ಧ. ಅದು ಮಹಾಕಾವ್ಯದ ಜಾತಿಯದು, ಸಣ್ಣ ಕಥೆಯಲ್ಲ. ಆದರೂ ಸಂಜಯನ ಜೊತೆಯಲ್ಲಿ ದುರ್ಯೋಧನನು ರಣರಂಗದಲ್ಲಿ ನಡೆದುಹೋಗುವ ಭಾಗವನ್ನು ಬೇರೆಯಾಗಿ ಓದಿದರೆ, ಒಂದೊಂದು ಹೆಣದ ಮುಂದೆಯೂ ಒಂದೊಂದು ಸಣ್ಣ ಕಥೆ ಕಾಣುತ್ತದೆ. ಮಗ ಲಕ್ಷಣಕುಮಾರನ ಹೆಣವನ್ನು ಕಂಡಾಗ ಆ ರಾಜನಿಗೆ ನೆನಪಾಗುವುದು ಒಂದು ನಿಯಮ: ತಂದೆಗೆ ತರ್ಪಣದ ನೀರನ್ನು ಮಗ ಬಿಡಬೇಕು, ಈಗ ಮಗನಿಗೆ ತಂದೆ ಬಿಡಬೇಕಾಗಿ ಬಂದಿದೆ, ಹೀಗೆ ಕ್ರಮವನ್ನು ತಲೆಕೆಳಗು ಮಾಡಬಹುದೇ ಎಂದು ಸತ್ತವನನ್ನೇ ಆಕ್ಷೇಪಿಸುತ್ತಾನೆ. ಕರ್ಣನ ಮುಂದೆ ನಿಂತು, ಅವನು ಬದುಕಿರುವನೋ ಎಂಬಂತೆ, ಉತ್ತರ ಕೊಡೆಂದು ಬೇಡುತ್ತಾನೆ. ರಾಜ್ಯ, ಕುಲ, ಯುದ್ಧವೆಲ್ಲ ಮುಳುಗಿಹೋದ ಹೊತ್ತಿನಲ್ಲಿ ಮನಸ್ಸು ಹಿಡಿದುಕೊಂಡುದು ಒಂದು ಬೊಗಸೆ ನೀರಿನ ಲೆಕ್ಕ. ಸಾವಿರ ವರ್ಷಗಳ ಹಿಂದಿನ ಆ ಮುಧೋಳದ ಕವಿಗೆ ಈ ಮರ್ಮ ತಿಳಿದಿದ್ದಿತು. ಉತ್ತರಪತ್ರಿಕೆಯ ಅಂಕಗಳನ್ನು ಕೂಡಿಸಿದ ಅಧ್ಯಾಪಕನಿಗೆ ಈ ಭಾಗವನ್ನು ಓದಿದಾಗ ಎಂಥ ನೆಮ್ಮದಿಯಾಯಿತೆಂಬುದನ್ನು ಶ್ರೋತೃಗಳು ಊಹಿಸಿಕೊಳ್ಳಬಹುದು.

ಆದರೆ ನಮ್ಮ ಮಟ್ಟಿಗೆ ಈ ವಿಷಯದಲ್ಲಿ ಎಲ್ಲಕ್ಕೂ ಮಿಗಿಲಾದುದು, ಹೆಸರಿಲ್ಲದ ಜನಪದ ಕವಿಯ ‘ಕೆರೆಗೆ ಹಾರ’. ಕಲ್ಲನಕೇರಿಯ ಗೌಡನು ಕೆರೆ ಕಟ್ಟಿಸಿದನು, ನೀರು ಬರಲಿಲ್ಲ, ಹೊತ್ತಿಗೆಯನ್ನು ತೆಗೆದು ನೋಡಿಸಿದಾಗ ಕಿರಿಯ ಸೊಸೆ ಭಾಗೀರಥಿಯನ್ನು ಕೆರೆಗೆ ಹಾರವಾಗಿ ಕೊಡಬೇಕೆಂದಾಯಿತು. ಕಥೆ ಎಲ್ಲರಿಗೂ ಗೊತ್ತು. ನಾವು ಲಕ್ಷ್ಯವಿಟ್ಟು ನೋಡಬೇಕಾದುದು ಎರಡು ಪ್ರಯಾಣಗಳನ್ನು.

ಮೊದಲನೆಯದು ಭಾಗೀರಥಿಯದು. ತನ್ನ ಸಾವಿನ ಸುದ್ದಿಯನ್ನು ಬದುಕಿರುವಾಗಲೇ ಕೇಳಿದ ಅವಳು ತವರಿಗೆ ಹೋಗುತ್ತಾಳೆ. ಮುಖ ಬಾಡಿರುವುದೇಕೆಂದು ತಂದೆ ಕೇಳಿದರೆ, ಅತ್ತೆಮಾವಂದಿರು ತನ್ನನ್ನು ಬೇರೆ ಇಡುವರಂತೆ ಎನ್ನುತ್ತಾಳೆ. ತಾಯಿಗೂ ಅದೇ ಉತ್ತರ. ಇಟ್ಟರೆ ಇಡಲಿ ಎಂದು ಅವರು ಸಮಾಧಾನ ಮಾಡುತ್ತಾರೆ. ಮನೆ ಬೇರೆಯಾಗುವ ಸಣ್ಣ ದುಃಖದ ಮರೆಯಲ್ಲಿ ಅವಳು ಲೋಕವನ್ನೇ ಬಿಡುವ ದೊಡ್ಡ ದುಃಖವನ್ನು ಅಡಗಿಸಿಟ್ಟಳು. ನಿಜವನ್ನು ಹೇಳಿದುದು ಗೆಳತಿಗೆ ಮಾತ್ರ.

ಎರಡನೆಯದು ಗಂಡ ಮಾದೇವರಾಯನದು. ದಂಡಿನಲ್ಲಿದ್ದ ಅವನಿಗೆ ಕನಸಾಯಿತು: ಹೊದ್ದ ಬಟ್ಟೆ ಸುಟ್ಟಂತೆ, ಕೈಯ ಕೋಲು ಮುರಿದಂತೆ, ಕಟ್ಟಿಸಿದ ಮನೆ ಬಿದ್ದಂತೆ. ಕುದುರೆಯನ್ನೇರಿ ಬಂದನು. ಮನೆಯಲ್ಲಿ ಕೇಳಿದನು; ಸುಳ್ಳು ಹೇಳಿ ಸಾಗಹಾಕಿದರು. ಬೀಗರ ಮನೆಗೆ ಹೋಗಿ ಕೇಳಿದನು, ಅಲ್ಲಿಯೂ ಇಲ್ಲ. ಗೆಳತಿಯ ಮನೆಗೆ ಹೋದಾಗ ಅವಳು ಇದ್ದುದನ್ನು ಇದ್ದಂತೆ ಹೇಳಿದಳು. ಆ ಮೇಲೆ ಕೆರೆ. ಕನಸು ಕಂಡಾಗಲೇ ಅವನಿಗೆ ಒಳಗೊಳಗೆ ತಿಳಿದಿದೆ. ಆದರೂ ಬಾಗಿಲಿಂದ ಬಾಗಿಲಿಗೆ ಹೋಗಿ ‘ಎಲ್ಲಿ ಹೋದಳು?’ ಎಂದು ಒಂದೇ ಪ್ರಶ್ನೆಯನ್ನು ಕೇಳುತ್ತಾನೆ. ಪ್ರಶ್ನೆ ಕೇಳುತ್ತಿರುವವರೆಗೆ ಅವಳು ಎಲ್ಲಿಯೋ ಇದ್ದಾಳೆ. ಹಾಡಿನ ಪುನರಾವೃತ್ತಿಯು ಹಾಡುವವರ ಅನುಕೂಲಕ್ಕಾಗಿ ಬಂದಿರಬಹುದು. ಆದರೆ ಇಲ್ಲಿ ಅದು ಶೋಕದ ಮನಸ್ಸಿನ ನಡಿಗೆಯೂ ಆಗಿದೆ. ಪಂಡಿತಕವಿಯಾಗಿದ್ದರೆ ಇಲ್ಲಿ ಪ್ರಲಾಪದ ಪದ್ಯಗಳನ್ನು ಪುಟಗಟ್ಟಲೆ ತುಂಬುತ್ತಿದ್ದನು. ಜನಪದ ಕವಿ ಕುದುರೆಯನ್ನು ಮೂರು ಮನೆಗಳಿಗೆ ನಡೆಸಿದನು. ಒಂದು ಮಾತನ್ನು ಮಾತ್ರ ಮರೆಯಬಾರದು. ಹೆತ್ತವರು ಸುಳ್ಳು ಹೇಳಿದರು, ಗೆಳತಿ ನಿಜ ಹೇಳಿದಳು. ಆದರೆ ಕೆರೆಯ ಕಡೆಗೆ ಹೊರಟವನ ಕೈಯನ್ನು ಯಾರೂ ಹಿಡಿಯಲಿಲ್ಲ.

ಆಧುನಿಕ ಕಾಲಕ್ಕೆ ಬರೋಣ. 1900ರ ಸುಮಾರಿಗೆ ಮಂಗಳೂರಿನ ‘ಸುವಾಸಿನಿ’ಯಲ್ಲಿ ಪಂಜೆ ಮಂಗೇಶರಾಯರು ಬರೆದ ಕಥೆಗಳಿಂದ ಹೊಸ ಸಣ್ಣ ಕಥೆಯ ಚರಿತ್ರೆಯನ್ನು ಆರಂಭಿಸುವುದು ವಾಡಿಕೆ. ಕಥೆಗೆ ಬರೆಯುವವರಷ್ಟೇ ಓದುವವರೂ ಬೇಕಷ್ಟೆ. ಓದುಗರನ್ನು ಬೆಳೆಸಿದ ಕೀರ್ತಿಯಲ್ಲಿ ದೇವರಗುಡ್ಡದ ಸೀಮೆಗೂ ಪಾಲುಂಟು. 1907ರಲ್ಲಿ ಹಾವೇರಿಯ ಬಳಿಯ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಯೂ, ಅದನ್ನು ನಡೆಸಿದ ಗಳಗನಾಥರೂ ಹಳ್ಳಿಯ ಮನೆಗಳಲ್ಲಿ ಕನ್ನಡದ ಕಥೆ ಕಾದಂಬರಿಗಳ ರುಚಿಯನ್ನು ಹುಟ್ಟಿಸಿದರು. 1920ರಲ್ಲಿ ಮಾಸ್ತಿಯವರ ‘ಕೆಲವು ಸಣ್ಣ ಕಥೆಗಳು’ ಹೊರಬಂದಿತು. ಅವರ ‘ಸುಬ್ಬಣ್ಣ’ 1928ರದು. ಹೆಂಡತಿ ಮಕ್ಕಳನ್ನು ಕಳೆದುಕೊಂಡ ಆ ಸಂಗೀತಗಾರನ ಶೋಕವು ಮೆಲ್ಲಗೆ ಮಾಗಿ ಶಾಂತಿಯಾಗುತ್ತದೆ. ಅದು ನಮ್ಮ ಪ್ರಾಚೀನರ ದಾರಿ. ಶೋಕದಿಂದ ವೈರಾಗ್ಯಕ್ಕೆ, ವೈರಾಗ್ಯದಿಂದ ನೆಮ್ಮದಿಗೆ. ದಾರಿ ದೊಡ್ಡದೇ, ಆದರೆ ಎಲ್ಲರಿಗೂ ಅದು ತೆರೆದಿರುವುದಿಲ್ಲ.

ತೆರೆಯದವರ ಕಥೆಯನ್ನು ಬರೆದವರು ‘ಆನಂದ’ ಎಂಬ ಹೆಸರಿನಿಂದ ಪ್ರಸಿದ್ಧರಾದ ಅಜ್ಜಂಪುರ ಸೀತಾರಾಮರು. ಅವರ ‘ನಾನು ಕೊಂದ ಹುಡುಗಿ’ಯಲ್ಲಿ, ಹಳ್ಳಿಗೆ ಅತಿಥಿಯಾಗಿ ಹೋದ ವಿದ್ಯಾವಂತನೊಬ್ಬನು, ಮನೆಯವರ ಮಗಳಾದ ಚೆನ್ನಮ್ಮನು ಹರಕೆಯ ಮೇರೆಗೆ ಬಸವಿ ಬಿಟ್ಟವಳೆಂದು ತಿಳಿದು, ಆ ಪದ್ಧತಿ ತಪ್ಪೆಂದು ಅವಳಿಗೆ ಬಿಡಿಸಿ ಹೇಳುತ್ತಾನೆ. ಅವಳು ಈವರೆಗೆ ದೇವರ ಸೇವೆಯೆಂದು ನಂಬಿದ್ದ ಬಾಳು ಒಂದೇ ರಾತ್ರಿಯಲ್ಲಿ ಅವಳ ಕಣ್ಣಿಗೆ ಬೇರೆಯಾಗಿ ಕಂಡಿತು. ಬೆಳಗಾಗುವಷ್ಟರಲ್ಲಿ ಅವಳು ಪ್ರಾಣವನ್ನು ಕಳೆದುಕೊಂಡಿದ್ದಳು. ಅತಿಥಿ ಹೇಳಿದುದು ಸತ್ಯ. ಆ ಪದ್ಧತಿಯನ್ನು ನಿಲ್ಲಿಸಲು ಮುಂದೆ 1982ರಲ್ಲಿ ಕರ್ನಾಟಕದಲ್ಲಿ ಕಾನೂನೇ ಆಯಿತು. ಆದರೆ ಸತ್ಯವನ್ನು ಹೇಳಿದವನು, ಅದು ಕೇಳಿದವಳ ಮನಸ್ಸಿನಲ್ಲಿ ಇಳಿಯುವ ಗಳಿಗೆಯಲ್ಲಿ ಅವಳ ಬಳಿ ಇರಲಿಲ್ಲ. ಕಥೆಯ ಹೆಸರನ್ನು ನೋಡಿರಿ. ಅವನು ಕೊಲ್ಲಲಿಲ್ಲ, ಆದರೂ ‘ಕೊಂದ’ ಎನ್ನುತ್ತಾನೆ. ಆಕಸ್ಮಿಕ ಶೋಕವು ತಪ್ಪಿತಸ್ಥನ ಭಾವವಾಗಿ ಮಾರ್ಪಡುವುದನ್ನು ಕನ್ನಡದಲ್ಲಿ ಇಷ್ಟು ನೇರವಾಗಿ ತೋರಿಸಿದ ಮತ್ತೊಂದು ಕಥೆ ನಮ್ಮ ನೆನಪಿಗೆ ಬಾರದು.

ರಷ್ಯದ ಚೆಕಾಫನ 1886ರ ಕಥೆಯೊಂದನ್ನು ಇದರ ಪಕ್ಕದಲ್ಲಿಡಬಹುದು. ಆ ವಾರವಷ್ಟೇ ಮಗನನ್ನು ಕಳೆದುಕೊಂಡ ಮುದಿ ಗಾಡಿಯವನು, ಗಾಡಿ ಹತ್ತಿದವರಿಗೆಲ್ಲ ಮಗ ಸತ್ತುದನ್ನು ಹೇಳಹೋಗುತ್ತಾನೆ. ಕೇಳುವವರಿಲ್ಲ. ಕಡೆಗೆ ರಾತ್ರಿ ಲಾಯದಲ್ಲಿ ಕುದುರೆಯ ಮುಂದೆ ಎಲ್ಲವನ್ನೂ ಹೇಳಿಕೊಳ್ಳುತ್ತಾನೆ. ಭಾಗೀರಥಿಗೆ ಒಬ್ಬ ಗೆಳತಿಯಾದರೂ ಇದ್ದಳು. ಆ ದೊಡ್ಡ ನಗರದ ಗಾಡಿಯವನಿಗೆ ಅಷ್ಟೂ ಇರಲಿಲ್ಲ.

ಕಥೆಗಾರರು ಕಂಡುದನ್ನು ಶಾಸ್ತ್ರಜ್ಞರು ಪರೀಕ್ಷಿಸಿದುದು ತಡವಾಗಿ. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮಾನಸಶಾಸ್ತ್ರದ ಆಚಾರ್ಯರಾಗಿದ್ದರು. ಆದುದರಿಂದ ಬಾನುಲಿಯ ಭಾಷಣದಲ್ಲಿ ಆ ಶಾಸ್ತ್ರದ ಮಾತನ್ನು ಸ್ವಲ್ಪ ಆಡಿದರೆ ಅನುಚಿತವಾಗಲಾರದು. 1942ರ ನವೆಂಬರ್ 28ರಂದು ಅಮೆರಿಕದ ಬಾಸ್ಟನ್ ನಗರದ ವಿನೋದಗೃಹವೊಂದಕ್ಕೆ ಬೆಂಕಿ ಬಿದ್ದು 492 ಜನರು ಸತ್ತರು. ಅಲ್ಲಿ ತಮ್ಮವರನ್ನು ಕಳೆದುಕೊಂಡವರನ್ನೂ ಇತರ ಶೋಕತಪ್ತರನ್ನೂ ಕಂಡು ಮಾತಾಡಿಸಿದ ಲಿಂಡೆಮನ್ ಎಂಬ ವೈದ್ಯನು 1944ರಲ್ಲಿ ತನ್ನ ವರದಿಯನ್ನು ಪ್ರಕಟಿಸಿದನು. ಅಲೆಯಲೆಯಾಗಿ ಬರುವ ದೇಹದ ಸಂಕಟ, ಸತ್ತವರ ರೂಪವೇ ಕಣ್ಣಿಗೆ ಕಟ್ಟಿರುವುದು, ತನ್ನಿಂದಲೇ ಹೀಗಾಯಿತೆಂಬ ತಪ್ಪಿನ ಭಾವ, ಹತ್ತಿರದವರ ಮೇಲೆ ಸಿಡುಕು, ನಿತ್ಯದ ನಡವಳಿಕೆಯ ಹದ ತಪ್ಪುವುದು: ಇವೇ ಅವನು ಎಣಿಸಿದ ಲಕ್ಷಣಗಳು. ತಂದೆ ತಾಯಿಗಳನ್ನು ಕಳೆದುಕೊಂಡ ಹದಿನೇಳರ ಹುಡುಗಿಯೊಬ್ಬಳು ಕಣ್ಣೀರಿಲ್ಲದೆ ಮನೆಗೆ ಮರಳಿ ತಮ್ಮ ತಂಗಿಯರನ್ನು ನೋಡಿಕೊಂಡಳೆಂದೂ, ಸುಮಾರು ಹತ್ತು ವಾರಗಳ ಮೇಲೆ ಅವಳಿಗೆ ಶೋಕವು ಹತ್ತಿತೆಂದೂ ಅವನು ಬರೆದಿದ್ದಾನೆ. ಆ ಹತ್ತು ವಾರಗಳಲ್ಲಿ ಅವಳನ್ನು ಕಂಡವರು ಧೈರ್ಯವಂತೆಯೆಂದೋ ಕಲ್ಲೆದೆಯವಳೆಂದೋ ತೀರ್ಮಾನಿಸಿದ್ದರೆ ಎರಡೂ ತಪ್ಪೇ. ಕಾರಣಿಕದ ನುಡಿ ಅವಳ ಕಿವಿಗೆ ಬಿದ್ದಿತ್ತು. ಅರ್ಥ ಇನ್ನೂ ಇಳಿದಿರಲಿಲ್ಲ.

ಕಥೆಯೇ ಏಕೆ ಬೇಕು, ಚರಿತ್ರೆ ಸಾಲದೇ ಎಂದು ಕೇಳುವವರುಂಟು. ಉತ್ತರಕ್ಕಾಗಿ ಮತ್ತೆ ಅದೇ ಸೀಮೆಗೆ ಹೋಗೋಣ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನವರು ಮೈಲಾರ ಮಹದೇವಪ್ಪನವರು. ಗುಡ್ಡದ ದೇವರ ಹೆಸರೇ ಅವರ ಹೆಸರಿನಲ್ಲಿಯೂ ಇದೆ. 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಅವರೊಂದಿಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬ ಇಬ್ಬರೂ ಮಡಿದರು. ಚರಿತ್ರೆಯು ತಾರೀಖನ್ನು ಬರೆದುಕೊಂಡಿತು, ಸ್ಥಳವನ್ನು ಬರೆದುಕೊಂಡಿತು, ಹೆಸರುಗಳನ್ನು ಬರೆದುಕೊಂಡಿತು. ಅದು ಅದರ ಕರ್ತವ್ಯ. ಆದರೆ ಆ ಸುದ್ದಿಯು ಮೂರು ಮನೆಗಳ ಬಾಗಿಲಿಗೆ ಮುಟ್ಟಿದ ಗಳಿಗೆಯು ಚರಿತ್ರೆಯ ಕೈಗೆ ಸಿಕ್ಕುವ ವಸ್ತುವಲ್ಲ. ಆಗ ಒಲೆಯ ಮೇಲೆ ಏನಿದ್ದಿತು, ಕೈಯ ಕೆಲಸವನ್ನು ಯಾರು ಮುಗಿಸಿ ಎದ್ದರು, ಯಾರು ಎಲ್ಲಿ ಹೋದರೆಂದು ಮತ್ತೆ ಮತ್ತೆ ಕೇಳಿದರು ಎಂಬುದನ್ನು ಹೇಳಬಲ್ಲವನು ಕಥೆಗಾರನೊಬ್ಬನೇ. ಅವನು ಕಲ್ಪಿಸಿ ಹೇಳುವನು ನಿಜ. ಆದರೆ ಕೇಳಿದವರು ‘ಹೌದು, ನಮ್ಮ ಮನೆಯಲ್ಲಿಯೂ ಹೀಗೆಯೇ ಆಗಿತ್ತು’ ಎನ್ನುವರು. ಆ ಒಂದು ‘ಹೌದು’ ಸಣ್ಣ ಕಥೆಯು ಚರಿತ್ರೆಗೆ ಕೂಡಿಸಿಕೊಟ್ಟಿರುವ ಪುಟ.

ನಮ್ಮಲ್ಲಿ ಸಾವಿನ ಮನೆಗೆ ಹೋದವರು ಎರಡು ತಪ್ಪುಗಳನ್ನು ಮಾಡುವುದುಂಟು. ಅಳದವರನ್ನು ಕಂಡು ‘ಅತ್ತುಬಿಡು’ ಎಂದು ಒತ್ತಾಯಿಸುವುದು ಒಂದು. ಹುಟ್ಟಿದವರು ಸಾಯಲೇಬೇಕೆಂದು ವೇದಾಂತವನ್ನು ಹೇಳುವುದು ಇನ್ನೊಂದು. ಎರಡೂ ಆ ಗಳಿಗೆಯನ್ನು ಬೇಗ ದಾಟಿಸಬೇಕೆಂಬ ಅವಸರದಿಂದ ಹುಟ್ಟಿದವು. ದೇವರಗುಡ್ಡದ ಜನ ಹಾಗೆ ಮಾಡುವುದಿಲ್ಲ. ನುಡಿಯ ಅರ್ಥವೇನೆಂಬ ಚರ್ಚೆಯನ್ನು ಅವರು ಆಮೇಲಕ್ಕೆ ಇಟ್ಟುಕೊಂಡು, ಮೊದಲು ಮೇಲಿಂದ ಬೀಳುವವನನ್ನು ಕೈಗಳಲ್ಲಿ ಹಿಡಿದುಕೊಳ್ಳುವರು. ದೇಕಬ್ಬೆಗೆ, ಮಾದೇವರಾಯನಿಗೆ, ಚೆನ್ನಮ್ಮನಿಗೆ ದೊರೆಯದೆ ಹೋದುದು ಅಂಥ ಕೈಗಳೇ.